ಫಿರಂಗಿಗೆ ಅಳತೆ ತೆಗೆದವರು

2006ರ ಏಪ್ರಿಲ್ 7ರಿಂದ 11ರವರೆಗೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ನಟ್ಟನಡುವೆ ಒಂದು ಯುದ್ಧದ ಟ್ಯಾಂಕು ಗುಲಾಬಿ ಬಣ್ಣದ ಉಲ್ಲನ್ ಹೊದ್ದು ನಿಂತಿತ್ತು. ನಿಂತ ಜಾಗ ನಿಕೊಲಾಯ್ ಚರ್ಚಿನ ಮುಂದೆ. ಆ ಚರ್ಚಿನಲ್ಲಿ ಪ್ರಾರ್ಥನೆ ನಿಂತು ಇನ್ನೂರು ವರ್ಷವಾಗಿದೆ, ಈಗ ಅದೊಂದು ಕಲಾ ಗ್ಯಾಲರಿ. ಟ್ಯಾಂಕು ಎರಡನೆಯ ಮಹಾಯುದ್ಧದ ಕೊನೆಗಾಲದ ಅಮೆರಿಕನ್ ಎಂ24 ಚಾಫಿ. ಹದಿನೆಂಟು ಟನ್ ತೂಕ, 75 ಮಿಲಿಮೀಟರಿನ ಫಿರಂಗಿ. ಅದರ ನಳಿಗೆ, ತಿರುಗುವ ಗೋಪುರ, ಮೈ ಎಲ್ಲವನ್ನೂ ಮುಚ್ಚಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಜೋಡಿಸಿದ ಹೊದಿಕೆ. ಒಂದೊಂದು ಚೌಕವೂ 15 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಡೆನ್ಮಾರ್ಕ್, ಬ್ರಿಟನ್, ಅಮೆರಿಕ ಮತ್ತಿತರ ದೇಶಗಳ ಜನ ಅವನ್ನು ಮನೆಯಲ್ಲಿ ಕೂತು ಹೆಣೆದಿದ್ದರು. ಕೆಲವರದು ಕಡ್ಡಿಯ ಹೆಣಿಗೆ, ಕೆಲವರದು ಕ್ರೋಶಾ. ಕಳಿಸಿ ಎಂದು ಕೇಳಿದವರು, ಬಂದದ್ದನ್ನೆಲ್ಲ ಕೂಡಿಸಿದವರು ಮರಿಯಾನ್ ಯೋರ್ಗೆನ್ಸನ್ ಎಂಬ ಡೇನಿಷ್ ಕಲಾವಿದೆ.

ಕಾರಣ ಇರಾಕ್. 2003ರ ಮಾರ್ಚಿನಲ್ಲಿ ಡೆನ್ಮಾರ್ಕಿನ ಸಂಸತ್ತು 61–50 ಮತಗಳಿಂದ ಅಮೆರಿಕ, ಬ್ರಿಟನ್‌ಗಳ ಜತೆ ಆ ಯುದ್ಧಕ್ಕೆ ಇಳಿಯಲು ಒಪ್ಪಿತ್ತು. ಐವತ್ತು ಲಕ್ಷ ಚಿಲ್ಲರೆ ಜನರ ಪುಟ್ಟ ದೇಶ. ಸೈಕಲ್ಲು, ಹಾಲು, ಬೆಣ್ಣೆಗೆ ಹೆಸರಾದದ್ದು. ಅದಕ್ಕೆ ಇರಾಕಿನ ಬಾಸ್ರಾದಲ್ಲಿ ಏನು ಕೆಲಸ ಎಂದು ಅಲ್ಲಿನ ಅನೇಕರಿಗೆ ಅನಿಸಿತು. ಅನಿಸಿದ್ದನ್ನು ಘೋಷಣೆಯಲ್ಲಿ, ಪತ್ರಿಕೆಯ ಲೇಖನದಲ್ಲಿ, ಮೆರವಣಿಗೆಯಲ್ಲಿ ಹೇಳಿದವರು ಬೇಕಾದಷ್ಟಿದ್ದರು. ಯೋರ್ಗೆನ್ಸನ್ ಉಲ್ಲನ್ ಉಂಡೆ ಎತ್ತಿಕೊಂಡರು.

ನೂಲಿನಲ್ಲಿ ಮಾಡುವ ಈ ಬೀದಿ ಕಲೆಗೆ ಯಾರ್ನ್ ಬಾಂಬಿಂಗ್ ಎಂಬ ಹೆಸರು ಬಿದ್ದಿದೆ. ಮರದ ಬೊಡ್ಡೆಗೆ, ದೀಪದ ಕಂಬಕ್ಕೆ, ಪಾರ್ಕಿನ ಬೆಂಚಿಗೆ ಬಣ್ಣದ ಹೆಣಿಗೆ ಸುತ್ತಿದ ಚಿತ್ರಗಳನ್ನು ನೋಡದವರು ಈಗ ಕಡಿಮೆ. ಅವುಗಳಲ್ಲಿ ಹೆಚ್ಚಿನವು ನನಗೆ ಒಂದು ಸಲ ನೋಡಿ ಮುಂದೆ ಹೋಗುವಂಥವು. ಈ ಟ್ಯಾಂಕು ಹಾಗಲ್ಲ. ಅದರ ಮುಂದೆ ಎಷ್ಟು ಹೊತ್ತು ಕೂತರೂ ನೋಡುವುದಕ್ಕೆ ಇನ್ನೂ ಏನೋ ಉಳಿದಿರುತ್ತದೆ. ಮುಂದೆ ಎಂದರೆ ಅದರ ಫೋಟೋಗಳ ಮುಂದೆ, ಅಷ್ಟೇ. ಹೊದಿಕೆ ಇದ್ದದ್ದು ಕೆಲವೇ ದಿನ. ಹೊದಿಸುವ ಕೆಲಸದ ವಿಡಿಯೊವನ್ನು ಆಮೇಲೆ ಅದೇ ಗ್ಯಾಲರಿಯ ಒಂದು ಪ್ರದರ್ಶನದಲ್ಲಿ ತೋರಿಸಿದರು. ಆ ಪ್ರದರ್ಶನದ ಹೆಸರು ‘ಕಾಲ’ ಎಂದಿತ್ತು.

ಹೆಸರು ಸುಮ್ಮನೆ ಇಟ್ಟದ್ದಲ್ಲ ಎನ್ನುವುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಸಾಧಾರಣ ದಪ್ಪದ ಉಲ್ಲನ್‌ನಲ್ಲಿ 15 ಸೆಂಟಿಮೀಟರಿನ ಒಂದು ಚೌಕ ಹೆಣೆಯಲು ಅಡ್ಡಕ್ಕೆ ಮೂವತ್ತಮೂರು ಕುಣಿಕೆಯಷ್ಟು ಬೇಕು, ಸಾಲುಗಳು ನಲವತ್ತೈದರ ಆಸುಪಾಸು. ಅಂದರೆ ಚೌಕಕ್ಕೆ ಸುಮಾರು ಒಂದೂವರೆ ಸಾವಿರ ಕುಣಿಕೆ. ಕೈ ಪಳಗಿದವರಿಗೆ ಒಂದು ಗಂಟೆ, ಹೊಸಬರಿಗೆ ಒಂದು ಸಂಜೆ. ನಾಲ್ಕು ಸಾವಿರ ಚೌಕಕ್ಕೆ ಅರವತ್ತು ಲಕ್ಷ ಕುಣಿಕೆ. ಒಂದೊಂದು ಕುಣಿಕೆಯೂ ಯಾರದೋ ಬೆರಳಿನ ಮೇಲೆ ಹಾದು, ಕಡ್ಡಿಯ ತುದಿಯಲ್ಲಿ ಸಿಕ್ಕಿ, ಹಿಂದಿನದರೊಳಗಿಂದ ನುಸುಳಿ ಬಂದದ್ದು. ಹೊದಿಕೆಯ ಒಟ್ಟು ವಿಸ್ತಾರ ತೊಂಬತ್ತು ಚದರ ಮೀಟರ್, ನಮ್ಮಲ್ಲಿ ಎರಡು ಕೋಣೆಯ ಫ್ಲ್ಯಾಟಿನಷ್ಟು. ಒಬ್ಬರೇ ಕೂತಿದ್ದರೆ ದಿನಕ್ಕೆ ಎಂಟು ಗಂಟೆಯಂತೆ ದುಡಿದರೂ ಒಂದೂವರೆ ವರ್ಷದ ಹತ್ತಿರ ಹಿಡಿಯುತ್ತಿತ್ತು. ಇದು ನನ್ನ ಅಂದಾಜು. ಆದರೆ ಈ ಅಂದಾಜು ಹಾಕದೆ ಆ ಟ್ಯಾಂಕನ್ನು ನೋಡಲು ಬರುವುದಿಲ್ಲ. ಗೋಡೆಯ ಮೇಲೆ ಸ್ಪ್ರೇ ಹೊಡೆದ ಘೋಷಣೆಯನ್ನು ಓದುತ್ತೇವೆ, ಅದನ್ನು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಯಾರೂ ಯೋಚಿಸುವುದಿಲ್ಲ. ಹೆಣಿಗೆಯಲ್ಲಿ ಹೊತ್ತೇ ಮೊದಲು ಕಾಣುತ್ತದೆ.

ಹತ್ತಿರದ ಫೋಟೋಗಳಲ್ಲಿ ಗುಲಾಬಿ ಒಂದೇ ಗುಲಾಬಿಯಲ್ಲ. ನಮ್ಮ ಸೀರೆ ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ ಬೇಬಿ ಪಿಂಕ್‌ನಿಂದ ರಾಣಿ ಪಿಂಕ್‌ವರೆಗೆ, ನಡುವೆ ಈರುಳ್ಳಿ ಬಣ್ಣವೂ ಸೇರಿ, ಇದ್ದಬದ್ದ ಗುಲಾಬಿಯೆಲ್ಲ ಇದೆ. ಮನೆಯಲ್ಲಿ ಯಾವ ಉಂಡೆ ಉಳಿದಿತ್ತೋ ಅದು. ಕೆಲವು ಚೌಕ ಬಿಗಿಯಾಗಿ ಒತ್ತೊತ್ತಾಗಿವೆ, ಕೆಲವು ಸಡಿಲವಾಗಿ ತುಸು ಜಗ್ಗಿವೆ, ಒಂದೆರಡು ಅಂಚಿನಲ್ಲಿ ಸೊಟ್ಟಗಾಗಿವೆ. ಹೆಣಿಗೆ ಬಲ್ಲವರಿಗೆ ಗೊತ್ತಿದೆ, ಕೈಯ ಬಿಗಿ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ. ಒಂದೇ ಕೈ ಕೂಡ ಸಿಟ್ಟಿನ ದಿನ ಬಿಗಿ, ನಿದ್ದೆಗಣ್ಣಿನಲ್ಲಿ ಸಡಿಲ. ಮೆರವಣಿಗೆಯಲ್ಲಿ ಸಾವಿರ ಜನ ಒಂದೇ ಘೋಷಣೆ ಕೂಗಿದಾಗ ಒಬ್ಬೊಬ್ಬರ ದನಿ ಬೇರೆಯಾಗಿ ಕೇಳುವುದಿಲ್ಲ. ಇಲ್ಲಿ ಯಾರ ಹೆಸರೂ ಬರೆದಿಲ್ಲ, ಆದರೂ ನಾಲ್ಕು ಸಾವಿರ ಚೌಕದಲ್ಲಿ ಒಂದು ಇನ್ನೊಂದರೊಳಗೆ ಕರಗಿಲ್ಲ. ಎಲ್ಲವನ್ನೂ ನೂಲಿನ ಮಿಲ್ಲಿನಲ್ಲಿ ಒಂದೇ ಥಾನಾಗಿ ನೇಯಿಸಿ ಟ್ಯಾಂಕಿಗೆ ಹೊದಿಸಿದ್ದರೆ ಬಣ್ಣ ಅದೇ ಇರುತ್ತಿತ್ತು, ಇನ್ನೇನೂ ಇರುತ್ತಿರಲಿಲ್ಲ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಭರತ ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳಿದ್ದಾನೆ. ಶೃಂಗಾರಕ್ಕೆ ಶ್ಯಾಮ, ಕರುಣಕ್ಕೆ ಪಾರಿವಾಳದ ಬೂದು, ಭಯಾನಕಕ್ಕೆ ಕಪ್ಪು, ಹೀಗೆ. ಗುಲಾಬಿ ಆ ಪಟ್ಟಿಯಲ್ಲೇ ಇಲ್ಲ. ಆದರೆ ರೌದ್ರಕ್ಕೆ ಅವನು ಕೊಟ್ಟದ್ದು ಕೆಂಪು, ಹಾಸ್ಯಕ್ಕೆ ಬಿಳಿ. ಕೆಂಪನ್ನೂ ಬಿಳಿಯನ್ನೂ ಕಲಸಿದರೆ ಬರುವುದು ಯಾವ ಬಣ್ಣ ಎಂದು ಚಿತ್ರ ಬಿಡಿಸುವ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಯೋರ್ಗೆನ್ಸನ್ ಭರತನನ್ನು ಓದಿರಲಾರರು. ಅವರು ಗುಲಾಬಿ ಆರಿಸಿದ್ದು ಆ ಬಣ್ಣ ಹೊದ್ದ ಟ್ಯಾಂಕು ತನ್ನ ದರ್ಪ ಕಳೆದುಕೊಳ್ಳುತ್ತದೆ ಎಂಬ ನಂಬಿಕೆಯಿಂದ. ಆದರೂ ನನಗೆ ಅಲ್ಲಿ ಕಾಣುವುದು ಈ ಎರಡರ ಕಲಸುವಿಕೆಯೇ. ಮೊದಲ ನೋಟಕ್ಕೆ ನಗು ಬರುತ್ತದೆ. ಅದರ ಬೆನ್ನಿಗೇ, ಹೊದಿಕೆಯ ಕೆಳಗಿನ ಆಕಾರ ಕಣ್ಣಿಗೆ ಬೀಳುತ್ತದೆ. ಹಸಿರು ಬಳಿದ ಟ್ಯಾಂಕನ್ನು ಗಣರಾಜ್ಯೋತ್ಸವದ ಪೆರೇಡಿನಲ್ಲಿ, ಸಿನಿಮಾದಲ್ಲಿ ಎಷ್ಟು ಸಲ ನೋಡಿದ್ದೇವೆಂದರೆ ಅದು ಏನು ಎನ್ನುವುದೇ ಮರೆತಂತಾಗಿದೆ. ಗುಲಾಬಿ ಹೊದ್ದ ಮೇಲೆ ನಳಿಗೆ ಇದ್ದದ್ದಕ್ಕಿಂತ ಉದ್ದ ಕಾಣುತ್ತದೆ, ಗೋಪುರ ಇದ್ದದ್ದಕ್ಕಿಂತ ಕುಳ್ಳಗೆ. ಮುಚ್ಚಿದ್ದರಿಂದಲೇ ಅದು ತೆರೆದುಕೊಂಡಿತು.

ಇದರಲ್ಲಿ ನನಗೆ ಬಲು ಇಷ್ಟವಾದದ್ದು ಅಳತೆಯ ವಿಷಯ. ಟ್ಯಾಂಕಿಗೆ ಕಲ್ಲು ಹೊಡೆಯುವವನು ಅದನ್ನು ಸರಿಯಾಗಿ ನೋಡಬೇಕೆಂದಿಲ್ಲ. ಅದಕ್ಕೆ ಹೊದಿಕೆ ಹೊಲಿಯುವವಳು ನೋಡದೆ ವಿಧಿಯಿಲ್ಲ. ನಳಿಗೆಯ ಸುತ್ತಳತೆ ಎಷ್ಟು, ಬುಡದಲ್ಲಿ ಎಷ್ಟು, ಬಾಯಲ್ಲಿ ಎಷ್ಟು. ಗೋಪುರ ಮೈಗೆ ಕೂಡುವಲ್ಲಿ ಎಷ್ಟು ಸಡಿಲ ಬಿಡಬೇಕು. ಯಾವ ಮೂಲೆಯಲ್ಲಿ ಚೌಕ ಮಡಚಿ ಹೊಲಿಯಬೇಕು. ಆ ತಣ್ಣನೆಯ ಉಕ್ಕಿನ ಮೇಲೆ ಕೈಯಾಡಿಸದೆ, ಅದರ ಮೇಲೆ ಹತ್ತಿ ಕೂರದೆ ಆ ಕೆಲಸ ಆಗುವುದಿಲ್ಲ. ಸಿಟ್ಟು ಬಂದವರು ಟೇಪು ಹಿಡಿದು ಸಿಟ್ಟಿನ ಗುರಿಯ ಅಳತೆ ತೆಗೆಯುವುದನ್ನು ನೀವು ಬೇರೆಲ್ಲಿ ನೋಡಿದ್ದೀರಿ? ನಮ್ಮ ಅಮ್ಮಂದಿರು ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು, ಅರ್ಧ ಹೆಣೆದ ಸ್ವೆಟರನ್ನು ಬೆನ್ನಿಗೆ ಒತ್ತಿ ಹಿಡಿದು, ಇನ್ನೆರಡು ಬೆರಳು ಬೇಕು ಎನ್ನುತ್ತಿದ್ದರಲ್ಲ, ಟ್ಯಾಂಕಿಗೂ ನಡೆದದ್ದು ಅದೇ ಉಪಚಾರ. ಕೊಲ್ಲುವ ಯಂತ್ರಕ್ಕೆ ಅಷ್ಟು ಹತ್ತಿರ ಹೋಗಿ ಅಳತೆ ತೆಗೆದ ಮೇಲೆ, ಅದನ್ನು ಬಿಟ್ಟುಕೊಟ್ಟವರ ಅಂದರೆ ಸರ್ಕಾರದ ಮೇಲೆ ಬರುವ ಸಿಟ್ಟು ಬೇರೆ ಥರದ್ದು. ಅದು ಬೇಗ ಆರುವಂಥದ್ದಲ್ಲ.

ವಸ್ತುಗಳಿಗೆ ಬಟ್ಟೆ ತೊಡಿಸುವುದು ನಮಗೇನೂ ಹೊಸದಲ್ಲ. ರೇಡಿಯೊ ಬಂದಾಗ ರೇಡಿಯೊಗೆ, ಟಿ.ವಿ. ಬಂದಾಗ ಟಿ.ವಿ.ಗೆ, ಆಮೇಲೆ ಮಿಕ್ಸಿಗೆ, ಫ್ರಿಜ್ಜಿನ ಹಿಡಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಕವರ್ ಹಾಕಿದ ಜನ ನಾವು. ಟಿ.ವಿ.ಯ ಮೇಲಿನ ಕ್ರೋಶಾ ಹೊದಿಕೆಯ ತುದಿ ಪರದೆಯ ಮೇಲೆ ಇಳಿದು ವಾರ್ತೆ ಓದುವವರ ಹಣೆ ಮುಚ್ಚುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅಮೆರಿಕದ ಟೆಕ್ಸಸ್‌ನಲ್ಲಿ ಈ ಬೀದಿ ಕಲೆ ಶುರುವಾದದ್ದೂ ಹೆಚ್ಚುಕಡಿಮೆ ಹೀಗೇ. 2005ರಲ್ಲಿ ಹ್ಯೂಸ್ಟನ್ ನಗರದ ಮ್ಯಾಗ್ಡಾ ಸೇಯೆಗ್ ತಮ್ಮ ಅಂಗಡಿಯ ಬಾಗಿಲ ಹಿಡಿಕೆಗೆ ಒಂದು ಹೆಣಿಗೆಯ ಚೀಲ ತೊಡಿಸಿದರು. ಉಕ್ಕು, ಸಿಮೆಂಟು, ಗಾಜಿನ ನಡುವೆ ಮೆತ್ತಗಿನದೇನಾದರೂ ಕಣ್ಣಿಗೆ ಬೀಳಲಿ ಎಂಬಷ್ಟೇ ಉದ್ದೇಶ. ಹೋಗಿಬರುವವರು ನಿಂತು ಮುಟ್ಟಿ ನೋಡತೊಡಗಿದರು. ಆಮೇಲೆ ರಸ್ತೆಯ ‘ಸ್ಟಾಪ್’ ಫಲಕದ ಕಂಬ, ಆಮೇಲೆ ಗೆಳತಿಯರ ಗುಂಪು. ಗೋಡೆಯ ಮೇಲೆ ಬಣ್ಣ ಬಳಿಯುವ ಹುಡುಗರ ಮಾದರಿಯಲ್ಲಿ ರಾತ್ರಿ ಹೊರಟು, ಅಡ್ಡಹೆಸರು ಇಟ್ಟುಕೊಂಡು ಕೆಲಸ ಮಾಡಿದರು. ಒಬ್ಬರ ಹೆಸರು ಅಕ್ರಿಲಿಕ್, ಇನ್ನೊಬ್ಬರದು ಪಾಲಿಕಾಟನ್! 2008ರಲ್ಲಿ ಸೇಯೆಗ್ ಮೆಕ್ಸಿಕೊ ನಗರದಲ್ಲಿ ಇಡೀ ಬಸ್ಸಿಗೇ ಹೊದಿಕೆ ಹಾಕಿದರು.

ಅಲ್ಲಿಂದ ಮುಂದೆ ಅದು ಊರೂರಿಗೆ ಹಬ್ಬಿತು, ಹಬ್ಬಿದಷ್ಟೂ ಸಪ್ಪೆಯಾಯಿತು. ಹೀಗೆ ಹೇಳಿದರೆ ಕೆಲವರಿಗೆ ಬೇಸರವಾದೀತು. ಸ್ಕಾಟ್ಲೆಂಡಿನ ಸೆಲ್ಕರ್ಕ್ ಪಟ್ಟಣದಲ್ಲಿ 104 ವರ್ಷದ ಅಜ್ಜಿಯೊಬ್ಬರು ತಮ್ಮ ಗುಂಪಿನ ಜತೆ ಸೇರಿ ಊರಿನ ಟೆಲಿಫೋನ್ ಗೂಡಿಗೆ, ಬೇಲಿಗೆ, ಬೆಂಚಿಗೆ ಹೆಣಿಗೆ ಹಾಕಿದ ಸುದ್ದಿ 2015ರಲ್ಲಿ ಲೋಕವೆಲ್ಲ ಓಡಾಡಿತು. ಓದಿ ನಾನೂ ಖುಷಿಪಟ್ಟೆ. ಆದರೆ ಬೆಂಚಿಗೂ ಉಲ್ಲನ್ನಿಗೂ ಏನೂ ಜಗಳವಿಲ್ಲ. ಜಗಳವಿಲ್ಲದ ಕಡೆ ಹೆಣಿಗೆ ಅಲಂಕಾರವಾಗಿ ಮುಗಿಯುತ್ತದೆ. ಕಾರಿನ ಕಂಪನಿಗಳು ಜಾಹೀರಾತಿಗೆಂದು ಕಾರಿಗೆ ಸ್ವೆಟರ್ ಹಾಕಿಸುವ ಕಾಲವೂ ಬಂತು. ಸಾಮಾಜಿಕ ಸಮಸ್ಯೆಯ ಹೆಸರಿನಲ್ಲಿ ಪಾರ್ಕಿನ ಹತ್ತು ಮರಕ್ಕೆ ಹತ್ತು ಬಣ್ಣ ಸುತ್ತಿ ಪಕ್ಕದಲ್ಲೊಂದು ಫಲಕ ನೆಟ್ಟರೆ ಕೆಲಸ ಮಾಡುವುದು ಫಲಕ, ನೂಲಲ್ಲ. ನೂಲು ತಾನು ತಗಾದೆ ತೆಗೆಯಬೇಕಾದ ವಸ್ತುವನ್ನೇ ಹೋಗಿ ತಬ್ಬಿಕೊಂಡಾಗ ಮಾತ್ರ ಅದಕ್ಕೆ ಫಲಕ ಬೇಡ.

ನ್ಯೂಯಾರ್ಕಿನ ಗೂಳಿಯ ಪ್ರಸಂಗವನ್ನು ಇಲ್ಲಿ ಹೇಳಬೇಕು. 1987ರಲ್ಲಿ ಷೇರುಪೇಟೆ ಕುಸಿದ ಮೇಲೆ ಆರ್ತುರೊ ಡಿ ಮೋಡಿಕಾ ಎಂಬ ಶಿಲ್ಪಿ ಮೂರು ಟನ್ನಿಗೂ ಮಿಕ್ಕ ತೂಕದ ಕಂಚಿನ ಗೂಳಿಯನ್ನು ಎರಕ ಹೊಯ್ದು, 1989ರ ಡಿಸೆಂಬರಿನ ಒಂದು ರಾತ್ರಿ ಯಾರನ್ನೂ ಕೇಳದೆ ಷೇರು ವಿನಿಮಯ ಕೇಂದ್ರದ ಮುಂದೆ ಇಳಿಸಿ ಹೋದ. ಪೊಲೀಸರು ಎತ್ತಿಸಿದರು, ಜನ ಬೇಕೆಂದರು, ಕೊನೆಗೆ ತುಸು ದೂರದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಇಪ್ಪತ್ತೊಂದು ವರ್ಷದ ನಂತರ, 2010ರ ಕ್ರಿಸ್‌ಮಸ್ ಹೊತ್ತಿಗೆ, ಪೋಲೆಂಡ್ ಮೂಲದ ಕಲಾವಿದೆ ಓಲೆಕ್ ಅದೇ ಥರ ಯಾರನ್ನೂ ಕೇಳದೆ ಗೂಳಿಗೆ ಕೊಂಬಿನಿಂದ ಬಾಲದವರೆಗೆ ಗುಲಾಬಿ, ನೇರಳೆ ಬಣ್ಣದ ಕ್ರೋಶಾ ಹೊದಿಸಿದರು. ಇದು ಡಿ ಮೋಡಿಕಾಗೆ ತನ್ನ ಗೌರವ ಎಂದರು. ಕಾವಲಿನವರು ಕೆಲವೇ ಗಂಟೆಯಲ್ಲಿ ಅದನ್ನು ಕತ್ತರಿಸಿ ತೆಗೆದರು. ಒಪ್ಪಿಗೆಯಿಲ್ಲದೆ ಬಂದು ಈಗ ಪ್ರವಾಸಿಗಳ ಫೋಟೋಗೆ ನಿಲ್ಲುವ ಗೂಳಿಯ ಮೇಲೆ ಒಪ್ಪಿಗೆಯಿಲ್ಲದ ಅಂಗಿ ಎರಡು ಹೊತ್ತು ನಿಲ್ಲಲಿಲ್ಲ. ಕಂಚಿಗೆ ಸಿಗುವ ಕ್ಷಮೆ ನೂಲಿಗೆ ಸಿಗುವುದಿಲ್ಲ. ಹೊದಿಕೆಯ ಕುಸುರಿ ಚೆನ್ನಾಗಿತ್ತು. ಆದರೆ ಟ್ಯಾಂಕಿನ ಮುಂದಿಟ್ಟು ನೋಡಿದರೆ ಇದು ಒಬ್ಬ ಕಲಾವಿದೆಯ ದಿಟ್ಟತನ. ಆ ನಾಲ್ಕು ಸಾವಿರ ಚೌಕಗಳ ಬಿಗಿ-ಸಡಿಲ ಇದರಲ್ಲಿಲ್ಲ.

ಈ ಕಲೆಗೆ 2005ರ ಹ್ಯೂಸ್ಟನ್ ಹುಟ್ಟೂರು ಎಂದು ಎಲ್ಲರೂ ಬರೆಯುತ್ತಾರೆ. ಬಾಗಿಲ ಹಿಡಿಕೆಯ ಲೆಕ್ಕಕ್ಕೆ ಅದು ಸರಿ. ನೂಲಿನ ಪ್ರತಿಭಟನೆಯ ಲೆಕ್ಕಕ್ಕಾದರೆ ನಾನು ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತಕ್ಕೆ ಹೋಗುತ್ತೇನೆ. ಅಲ್ಲಿ ಗ್ರೀನ್‌ಹ್ಯಾಮ್ ಕಾಮನ್ ಎಂಬ ಗೋಮಾಳ. ಅದರ ಮೇಲೆ ವಾಯುನೆಲೆ. ಆ ನೆಲೆಗೆ ಅಮೆರಿಕದ 96 ಕ್ರೂಸ್ ಕ್ಷಿಪಣಿಗಳನ್ನು ಅಣುಬಾಂಬ್ ಸಮೇತ ತಂದಿಡುತ್ತಾರೆ ಎಂದು ತಿಳಿದಾಗ ವೇಲ್ಸಿನ ಕಾರ್ಡಿಫ್‌ನಿಂದ ಹೊರಟ ಹೆಂಗಸರ ಸಣ್ಣ ಗುಂಪೊಂದು ನಡೆದುಕೊಂಡೇ 1981ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಬಂದು ಬೇಲಿಯ ಹೊರಗೆ ಬಿಡಾರ ಹೂಡಿತು. ಬಿಡಾರ ಎದ್ದದ್ದು 2000ದಲ್ಲಿ! ಹತ್ತೊಂಬತ್ತು ವರ್ಷ ಮಳೆ, ಕೆಸರು, ಚಳಿ. 1982ರ ಡಿಸೆಂಬರ್ 12ರಂದು ಮೂವತ್ತು ಸಾವಿರ ಹೆಂಗಸರು ಒಂಬತ್ತು ಮೈಲಿ ಬೇಲಿಯ ಸುತ್ತ ಕೈ ಕೈ ಹಿಡಿದು ನಿಂತರು. ಆ ದಿನ ಬೇಲಿಯ ಕಬ್ಬಿಣದ ಜಾಲರಿಗೆ ಕೂಸುಗಳ ಅಂಗಿ, ಮೊಮ್ಮಕ್ಕಳ ಫೋಟೋ, ಆಟಿಕೆ, ಜತೆಗೆ ಉಣ್ಣೆಯ ದಾರದಲ್ಲಿ ಹೆಣೆದ ಜೇಡರ ಬಲೆಗಳು.

ಜೇಡರ ಬಲೆ ಆ ಬಿಡಾರದ ಗುರುತಾಗಿತ್ತು. ಬರೀ ಗುರುತಲ್ಲ, ಆಯುಧವೂ ಹೌದು. ನೆಲೆಯ ಗೇಟಿಗೆ ಅಡ್ಡಲಾಗಿ ಹೆಂಗಸರು ಮಲಗುತ್ತಿದ್ದರು, ಮಲಗಿದವರ ಮೇಲೆ ಉಳಿದವರು ಬಣ್ಣಬಣ್ಣದ ಉಣ್ಣೆ ದಾರವನ್ನು ಎಳೆ ಎಳೆಯಾಗಿ ಹಾಯಿಸಿ ಒಬ್ಬರಿಗೊಬ್ಬರನ್ನು ಸುತ್ತಿಬಿಡುತ್ತಿದ್ದರು. ಪೊಲೀಸರಿಗೆ ಮಲಗಿದವರನ್ನು ಎತ್ತಿ ಆಚೆ ಹಾಕುವುದು ಗೊತ್ತಿದ್ದ ಕೆಲಸ. ಇಬ್ಬರು ತೋಳು ಹಿಡಿಯಬೇಕು, ಇಬ್ಬರು ಕಾಲು. ಇಲ್ಲಿ ಒಬ್ಬಳನ್ನು ಎತ್ತಿದರೆ ಪಕ್ಕದ ನಾಲ್ವರು ಜತೆಗೇ ಎಳೆದುಕೊಂಡು ಬರುತ್ತಾರೆ. ಉಣ್ಣೆಯ ಒಂದು ಎಳೆ ಕೈಯಲ್ಲೇ ತುಂಡಾಗುತ್ತದೆ. ನೂರು ಎಳೆ ಹಿಗ್ಗುತ್ತವೆ, ಜಾರುತ್ತವೆ, ಸಮವಸ್ತ್ರದ ಗುಂಡಿಗೆ, ಬೂಟಿನ ಲೇಸಿಗೆ ಸಿಕ್ಕಿಕೊಳ್ಳುತ್ತವೆ. ಸಂಕೋಲೆಯಾದರೆ ಕಟರ್ ತಂದು ಒಂದೇಟಿಗೆ ಕತ್ತರಿಸಬಹುದಿತ್ತು. ಇದಕ್ಕೆ ಬಗ್ಗಿ ಕೂತು ಸಿಕ್ಕು ಬಿಡಿಸಬೇಕು. ಆರಡಿ ಎತ್ತರದ ಪೊಲೀಸರು ಕೆಸರಿನಲ್ಲಿ ಮಂಡಿಯೂರಿ ದಾರದ ಸಿಕ್ಕು ಬಿಡಿಸುತ್ತಿರುವುದನ್ನು ಊಹಿಸಿಕೊಳ್ಳಿ. ಅಣ್ವಸ್ತ್ರದ ಕಾವಲು ಕಾಯುವವರಿಗೆ ಮನೆಯಲ್ಲಿ ಅಜ್ಜಿಯ ಉಲ್ಲನ್ ಉಂಡೆ ಹಾಳುಮಾಡಿ ಸಿಕ್ಕಿಬಿದ್ದ ಹುಡುಗರ ಪಾಡು ಬಂದಿತ್ತು.

ಅದೇ ಹೆಂಗಸರು ಬೇಲಿ ಕತ್ತರಿಸುವುದಕ್ಕೂ ಹೇಸಿದವರಲ್ಲ. 1983ರ ಅಕ್ಟೋಬರ್ 29ರಂದು ಬೇಲಿಯನ್ನು ಮೈಲುಗಟ್ಟಲೆ ಕೆಡವಿದರು. ಕಿವಿಗೊಟ್ಟವರಿಗೆ ಸುಳಿವು ಸಿಗದಿರಲೆಂದು ಬೋಲ್ಟ್ ಕಟರಿಗೆ ತಮ್ಮೊಳಗೆ ಇಟ್ಟುಕೊಂಡ ಗುಟ್ಟಿನ ಹೆಸರು ‘ಕಪ್ಪು ಕಾರ್ಡಿಗನ್’. ನಾಳೆ ಬರುವಾಗ ಕಪ್ಪು ಕಾರ್ಡಿಗನ್ ತರುವುದು ಮರೆಯಬೇಡ ಎಂದು ಒಬ್ಬಳು ಫೋನಿನಲ್ಲಿ ಹೇಳಿದರೆ ಯಾವ ಗುಪ್ತಚರನಿಗೆ ಅನುಮಾನ ಬಂದೀತು? ಹೆಂಗಸರು ಹೆಣಿಗೆ, ಸ್ವೆಟರ್ ಎಂದು ಮಾತಾಡಿಕೊಳ್ಳುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವುದೇ ಅವರಿಗೆ ದೊಡ್ಡ ಬಲವಾಗಿತ್ತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ 2012ರಿಂದ ಕಲ್ಲಿದ್ದಲು ಪದರದ ಅನಿಲ ಕೊರೆಯುವುದರ ವಿರುದ್ಧ ಕೂತಿರುವ ಅಜ್ಜಿಯರು, ‘ನಿಟ್ಟಿಂಗ್ ನಾನಾಸ್’, ಇದೇ ಬಲದ ಮೇಲೆ ಬದುಕಿದವರು. ಕೊರೆಯುವ ಜಾಗದ ಗೇಟಿನಲ್ಲೋ, ಶಾಸಕರ ಕಚೇರಿಯ ಮುಂದೋ ಮಡಚುವ ಕುರ್ಚಿ ಹಾಕಿಕೊಂಡು ಹಳದಿ, ಕಪ್ಪು ಉಲ್ಲನ್‌ನಲ್ಲಿ ಹೆಣೆಯುತ್ತ ಕೂರುತ್ತಾರೆ. ಎಂಬತ್ತರ ಅಜ್ಜಿಯ ಕೈಯಿಂದ ಹೆಣಿಗೆ ಕಡ್ಡಿ ಕಿತ್ತುಕೊಳ್ಳುವ ಚಿತ್ರ ಪತ್ರಿಕೆಯಲ್ಲಿ ಬರುವುದು ಯಾವ ಪೊಲೀಸ್ ಅಧಿಕಾರಿಗೆ ಬೇಕು?

ಈ ಕೆಲಸಗಳ ಮೇಲೆ ಬರುವ ಆಕ್ಷೇಪ ಮುಖ್ಯವಾಗಿ ಒಂದೇ, ಅದು ಬಲವಾದದ್ದೇ. ಚಳಿಯಲ್ಲಿ ನಡುಗುವ ಜನ ಇರುವಾಗ ಕಂಬಕ್ಕೂ ಕಬ್ಬಿಣಕ್ಕೂ ಸ್ವೆಟರ್ ಏಕೆ? ನೂಲನ್ನು ರಾಜಕೀಯ ಮಾಡಿದ ನಮ್ಮವರಿಗೆ ಈ ಪ್ರಶ್ನೆ ಇನ್ನೂ ಚುರುಕಾಗಿ ತಾಗಬೇಕು. ಗಾಂಧೀಜಿಯ ಚರಕದಿಂದ ಬಂದ ಎಳೆ ಯಾರದಾದರೂ ಮೈ ಮುಚ್ಚಲೆಂದೇ ಇತ್ತು. ವ್ಯರ್ಥಕ್ಕೆ ಅಲ್ಲಿ ಜಾಗವಿರಲಿಲ್ಲ. ಬೀದಿಯ ಹೆಣಿಗೆ ಬಹುಪಾಲು ಅಕ್ರಿಲಿಕ್ ನೂಲಿನದು, ಅಂದರೆ ಪ್ಲಾಸ್ಟಿಕ್ಕು. ಬಿಸಿಲಿಗೆ ಬಣ್ಣಗೆಟ್ಟು, ಮಳೆಗೆ ಜೋತುಬಿದ್ದು, ಎಳೆ ಎಳೆಯಾಗಿ ಚರಂಡಿ ಸೇರುತ್ತದೆ. ಮರಕ್ಕೆ ಸುತ್ತಿ ಮರೆತದ್ದು ತೊಗಟೆಯ ಮೇಲೆ ತೇವ ಹಿಡಿದಿಡುತ್ತದೆ, ಮರ ದಪ್ಪವಾದಂತೆ ಬಿಗಿಯುತ್ತದೆ. ಹಾಕುವ ದಿನ ಫೋಟೋ ತೆಗೆಸಿಕೊಂಡವರು ಬಿಚ್ಚುವ ದಿನ ಬರುವುದಿಲ್ಲ. ಇದಕ್ಕೆಲ್ಲ ನನ್ನಲ್ಲಿ ಸಮರ್ಥನೆ ಇಲ್ಲ. ಬೇಡವಾದ ಕಡೆ ಹಾಕಿ ಬಿಟ್ಟುಹೋದ ಹೆಣಿಗೆ ಹರಿದ ಬ್ಯಾನರಿಗಿಂತ ಮೇಲಲ್ಲ.

ಆದರೆ ಆಕ್ಷೇಪಕ್ಕೆ ಹೆಣೆಯುವವರೇ ಉತ್ತರ ಕಂಡುಕೊಂಡಿದ್ದಾರೆ. ಕೆನಡಾದ ಕೆಲವು ಊರುಗಳಲ್ಲಿ ಚಳಿಗಾಲ ಬಂತೆಂದರೆ ದೀಪದ ಕಂಬಗಳಿಗೆ, ಚೌಕದಲ್ಲಿ ನಿಂತ ನಾಯಕರ ಪ್ರತಿಮೆಗಳ ಕುತ್ತಿಗೆಗೆ ಮಫ್ಲರ್ ಕಟ್ಟಿರುತ್ತಾರೆ. ಪ್ರತಿಯೊಂದಕ್ಕೂ ಒಂದು ಚೀಟಿ: ಇದು ಯಾರೂ ಕಳೆದುಕೊಂಡದ್ದಲ್ಲ, ಚಳಿಯಾಗುತ್ತಿದ್ದರೆ ತೆಗೆದುಕೊಳ್ಳಿ. ದಾನ ಪಡೆಯಲು ಸಾಲು ನಿಲ್ಲಬೇಕಿಲ್ಲ, ಯಾರ ಮುಖವನ್ನೂ ನೋಡಬೇಕಿಲ್ಲ, ರಾತ್ರಿ ಹೋಗಿ ಬಿಚ್ಚಿಕೊಂಡರಾಯಿತು. ಬೆಳಿಗ್ಗೆ ಪ್ರತಿಮೆ ಬೋಳಾಗಿದ್ದರೆ ಆ ಊರಿನಲ್ಲಿ ರಾತ್ರಿ ಹೊರಗೆ ಮಲಗುವವರಿದ್ದಾರೆ ಎಂದು ಎಲ್ಲರಿಗೂ ತಿಳಿಯುತ್ತದೆ. ಮಾಯವಾಗುವುದೇ ಅದರ ಪೂರ್ಣತೆ. ಅಮೆರಿಕದ ಜೇನಾ ಜ್ವೈಮನ್ 2017ರಲ್ಲಿ ಇನ್ನೊಂದು ದಾರಿ ಹಿಡಿದರು. ಮೆಕ್ಸಿಕೊ ಗಡಿಯ ಉದ್ದಕ್ಕೆ ಗೋಡೆ ಕಟ್ಟುತ್ತೇವೆ ಎಂದು ಅವರ ಅಧ್ಯಕ್ಷರು ಹೇಳುತ್ತಿದ್ದ ಕಾಲ. ಗೋಡೆಯ ಉದ್ದ ಎಂದು ಹೇಳುತ್ತಿದ್ದುದು ಎರಡು ಸಾವಿರ ಮೈಲಿ. ಅಷ್ಟೇ ಉದ್ದದ ನೂಲಿನಲ್ಲಿ ಕಂಬಳಿ ಹೆಣೆದು ಹೊಸದಾಗಿ ದೇಶಕ್ಕೆ ಬರುವವರಿಗೆ ಕೊಡೋಣ ಎಂದು ಅವರು ಕರೆ ಕೊಟ್ಟರು. ಇಲ್ಲೂ ಮತ್ತೆ ಅಳತೆ. ಎದುರಾಳಿಯ ಉದ್ದವನ್ನು ಮೊಳ ಹಾಕಿ ನೋಡಿ, ಅಷ್ಟೇ ನೂಲು ತಂದದ್ದು.

ಬರ್ಕ್‌ಷೈರಿಗೆ ಮತ್ತೆ ಬರಬೇಕು. ಗ್ರೀನ್‌ಹ್ಯಾಮಿನ ಹತ್ತಿರದಲ್ಲೇ ಆಲ್ಡರ್‌ಮಾಸ್ಟನ್, ಅದರಾಚೆ ಬರ್ಗ್‌ಫೀಲ್ಡ್. ಬ್ರಿಟನ್ನಿನ ಅಣ್ವಸ್ತ್ರಗಳು ರೂಪುಗೊಳ್ಳುವುದು ಮೊದಲನೆಯ ಊರಿನಲ್ಲಿ, ಕೊನೆಯ ಜೋಡಣೆ ಎರಡನೆಯದರಲ್ಲಿ. ನಡುವಿನ ದಾರಿ ಏಳು ಮೈಲಿ. 1983ರ ಏಪ್ರಿಲ್ 1ರ ಗುಡ್ ಫ್ರೈಡೆಯಂದು ಈ ಮೂರು ಜಾಗಗಳನ್ನು ಕೂಡಿಸಿ ಎಪ್ಪತ್ತು ಸಾವಿರದಷ್ಟು ಜನ ಹದಿನಾಲ್ಕು ಮೈಲಿಯ ಸರಪಳಿಯಾಗಿ ನಿಂತಿದ್ದರು. ಮೂವತ್ತೊಂದು ವರ್ಷ ಕಳೆದು, 2014ರ ಆಗಸ್ಟ್ 9ರಂದು, ಅದೇ ದಾರಿಯ ಏಳು ಮೈಲಿಗೆ ಹೆಣೆದ ಒಂದು ಗುಲಾಬಿ ಶಾಲು ಹರಡಿಕೊಂಡಿತು. ಟ್ರೈಡೆಂಟ್ ಎಂಬ ಜಲಾಂತರ್ಗಾಮಿ ಅಣ್ವಸ್ತ್ರ ವ್ಯವಸ್ಥೆಯನ್ನು ಕೋಟಿಗಟ್ಟಲೆ ಪೌಂಡು ಸುರಿದು ನವೀಕರಿಸಬಾರದು ಎಂಬುದು ಬೇಡಿಕೆ. ದಿನ ಆರಿಸಿದ್ದು ನಾಗಸಾಕಿಯ ಮೇಲೆ ಬಾಂಬು ಬಿದ್ದ ದಿನ.

ಹನ್ನೊಂದು ಕಿಲೋಮೀಟರ್ ಶಾಲನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಫೋಟೋ ಇಲ್ಲ, ಇರಲು ಸಾಧ್ಯವೂ ಇಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆ ಡೊಂಕು. ಬೇಲಿಗಿಡ, ತಿರುವು, ಮತ್ತೆ ಬೇಲಿಗಿಡ. ಹಿಡಿದು ನಿಂತವರಿಗೆ ಕಂಡದ್ದು ಎಡಕ್ಕೊಂದಷ್ಟು, ಬಲಕ್ಕೊಂದಷ್ಟು. ತಿರುವಿನಾಚೆ ಶಾಲು ಇದೆಯೋ ತುಂಡಾಗಿದೆಯೋ ಎಂಬುದನ್ನು ನಂಬಿಕೆಯ ಮೇಲೆ ಬಿಡಬೇಕು. ಟ್ಯಾಂಕಿನ ಮುಂದೆ ನಿಂತವರಿಗೆ ಎಲ್ಲವೂ ಒಂದೇ ನೋಟಕ್ಕೆ ಸಿಕ್ಕುತ್ತಿತ್ತು, ಇದು ಯಾರಿಗೂ ಪೂರ್ತಿ ಸಿಕ್ಕಲಿಲ್ಲ. ಕಲಾಕೃತಿಯಾಗಿ ಟ್ಯಾಂಕೇ ಮೇಲು ಎಂದು ನನ್ನ ಎಣಿಕೆ. ಆದರೆ ನಡೆದುಕೊಂಡು ಅಳೆದು ನೋಡಿದವರಿಗೆ ಅಣ್ವಸ್ತ್ರದ ಎರಡು ಕಾರ್ಖಾನೆಗಳ ನಡುವೆ ಎಷ್ಟು ಮನೆ, ಎಷ್ಟು ಹೊಲ, ಎಷ್ಟು ಶಾಲೆ ಇದೆ ಎನ್ನುವುದು ಈ ಶಾಲಿನಿಂದ ತಿಳಿದಿರುತ್ತದೆ. ಅದನ್ನು ಟ್ಯಾಂಕು ಹೇಳಲಾರದು. ಆ ದಿನ ಮುಗಿದ ಮೇಲೆ ಶಾಲನ್ನು ಬಿಡಿಸಿ, ತುಂಡುಗಳನ್ನು ಹೊಂದಿಸಿ ಹೊಲಿದು ಕಂಬಳಿ ಮಾಡಿ ಬೇಕಾದವರಿಗೆ ಕೊಟ್ಟರು.

ಟ್ರೈಡೆಂಟ್ ಪ್ರಶ್ನೆ 2016ರ ಜುಲೈ 18ರಂದು ಬ್ರಿಟನ್ನಿನ ಸಂಸತ್ತಿನಲ್ಲಿ ಮತಕ್ಕೆ ಬಂತು. ನವೀಕರಣದ ಪರ 472, ವಿರುದ್ಧ 117. ಹಾಗಾದರೆ ಶಾಲಿನಿಂದ ಏನು ಬಂತು ಎಂದು ಕೇಳುವವರು 1983ರ ಸರಪಳಿಯನ್ನೂ ಕೇಳಬೇಕು. ಎಪ್ಪತ್ತು ಸಾವಿರ ಜನ ನಿಂತ ಅದೇ ವರ್ಷ ನವೆಂಬರಿನಲ್ಲಿ ಕ್ಷಿಪಣಿಗಳು ಗ್ರೀನ್‌ಹ್ಯಾಮಿಗೆ ಬಂದಿಳಿದವು. 1987ರಲ್ಲಿ ಅಮೆರಿಕದ ರೇಗನ್, ಸೋವಿಯತ್ ಒಕ್ಕೂಟದ ಗೊರ್ಬಚೆವ್ ಇಂಥ ಕ್ಷಿಪಣಿಗಳನ್ನು ತೆಗೆದುಹಾಕುವ ಒಪ್ಪಂದಕ್ಕೆ ರುಜು ಹಾಕಿದರು, 1991ರ ಹೊತ್ತಿಗೆ ಕ್ಷಿಪಣಿಗಳು ಹೊರಟುಹೋದವು. ಅದರಲ್ಲಿ ಉಣ್ಣೆಯ ಬಲೆಯ ಪಾಲೆಷ್ಟು, ದೊಡ್ಡವರ ರುಜುವಿನ ಪಾಲೆಷ್ಟು ಎಂದು ಚರಿತ್ರೆ ಬರೆಯುವವರು ಇನ್ನೂ ಜಗಳಾಡುತ್ತಾರೆ, ಆಡಲಿ. ಬೇಲಿ ಹೋಗಿದೆ, ಗೋಮಾಳ ಊರವರಿಗೆ ವಾಪಸು ಸಿಕ್ಕಿದೆ, ದನಗಳು ಮೇಯುತ್ತಿವೆ. ಕ್ಷಿಪಣಿಗಳನ್ನು ಬಚ್ಚಿಟ್ಟಿದ್ದ ಕಾಂಕ್ರೀಟಿನ ದಿಬ್ಬಗಳು ಮಾತ್ರ ಹಾಗೇ ಇವೆ. ಅವಕ್ಕೆ ಯಾರೂ ಏನೂ ಹೊದಿಸಲಿಲ್ಲ. ‘ಸ್ಟಾರ್ ವಾರ್ಸ್’ ಸಿನಿಮಾದವರು ಬಂದು ಅಲ್ಲಿ ಒಂದು ಯುದ್ಧನೆಲೆಯ ದೃಶ್ಯ ಚಿತ್ರೀಕರಿಸಿ ಹೋದರು.